ದಾರಿಬದಿಯ ಕಲ್ಲು ಶಿಲುಬೆಯ ದುರಸ್ತಿ: ಬುಡ ಮೊದಲು, ಬಣ್ಣ ಕೊನೆಗೆ

"ಹೋದ ವರ್ಷವಷ್ಟೇ ಸಿಮೆಂಟ್ ಹಾಕಿ, ಪೇಂಟ್ ಹೊಡೆದು ಚಂದ ಮಾಡಿದ್ದು ಮಾರಾಯ್ರೆ. ಈ ಮಳೆಗೆ ನೋಡಿದರೆ ಪುನಃ ಹೊಪ್ಪಳೆ ಎದ್ದಿದೆ."

ಮಾತೆ ಮರಿಯಳ ಹುಟ್ಟಿನ ಮೊಂತಿ ಹಬ್ಬದ ತೆನೆ ಮನೆಗೆ ಬಂದು, ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬ ಹತ್ತಿರವಾಗುವ ಹೊತ್ತಿಗೆ ನನಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತವೆ. ಊರು ಬೇರೆ, ವಾಡೆ (ಚರ್ಚಿನ ವಾರ್ಡು) ಬೇರೆ, ತಪ್ಪು ಅದೇ. ಎಲ್ಲರೂ ಕಣ್ಣಿಗೆ ಕಾಣುವ ಕಡೆಯಿಂದ ಕೈಹಾಕುತ್ತಾರೆ. ಮೊದಲು ಶಿಲುಬೆಯನ್ನು ತಿಕ್ಕುತ್ತಾರೆ, ಆಮೇಲೆ ಬಿರುಕಿಗೆ ಸಿಮೆಂಟ್, ಅದರ ಮೇಲೆ ಬಣ್ಣ. ಬುಡದಲ್ಲಿ ನಿಂತ ನೀರನ್ನು ಯಾರೂ ನೋಡುವುದಿಲ್ಲ. ಸರಿಯಾದ ಕ್ರಮ ಇದಕ್ಕೆ ಪೂರ್ತಿ ಉಲ್ಟಾ.

ಇಲ್ಲಿ ಹೇಳುತ್ತಿರುವುದು ಮಂಗಳೂರು, ಉಡುಪಿ ಕಡೆ ಸಾಮಾನ್ಯವಾಗಿ ಕಾಣುವ ಮಾದರಿಗೆ: ಮುರಕಲ್ಲಿನ (ಜಂಬಿಟ್ಟಿಗೆಯ) ಮೆಟ್ಟಿಲು ಮೆಟ್ಟಿಲಾದ ಪೀಠ, ಅದರ ಮೇಲೆ ಹಳೆಯ ಸುಣ್ಣದ ಗಾರೆ, ತುದಿಯಲ್ಲಿ ಮುರಕಲ್ಲಿನದೋ ಶಿಲೆಕಲ್ಲಿನದೋ (ಗ್ರಾನೈಟಿನದೋ) ಶಿಲುಬೆ, ಎದುರಿಗೆ ಮೇಣದ ಬತ್ತಿ ಇಡಲು ಒಂದು ಸಣ್ಣ ಗೂಡು. ಎರಡು ಆಳಿಗಿಂತ ಎತ್ತರದ್ದಾದರೆ ಅಥವಾ ಈಗಾಗಲೇ ರಸ್ತೆಯ ಕಡೆ ವಾಲಿದ್ದರೆ, ಇದನ್ನು ಓದಿ ಕೆಲಸಕ್ಕಿಳಿಯಬೇಡಿ. ಮೊದಲು ಇಂಜಿನಿಯರ್ ಒಬ್ಬರನ್ನು ಕರೆಸಿ.

## ಮೊದಲು ಕ್ಯಾಲೆಂಡರ್

ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಸುಣ್ಣದ ಗಾರೆ ಸಿಮೆಂಟಿನ ಹಾಗೆ ರಾತ್ರಿ ಕಳೆಯುವುದರೊಳಗೆ ಗಟ್ಟಿಯಾಗುವುದಿಲ್ಲ. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ವಾರಗಟ್ಟಲೆ ತೆಗೆದುಕೊಂಡು ಕಲ್ಲಾಗುತ್ತದೆ. ಹಾಗಾಗಿ ದಿನ ಹಿಂದಿನಿಂದ ಎಣಿಸಬೇಕು. ಜೂನ್ ಮೊದಲ ವಾರ ಮುಂಗಾರು ಅಂತಿಟ್ಟುಕೊಳ್ಳಿ, ಏಪ್ರಿಲ್ ಮೊದಲ ವಾರದ ನಂತರ ಹೊಸ ಗಾರೆ ಹಾಕಬಾರದು. ಸುಣ್ಣ ಅರಳಿಸಿ ಇಡುವುದು ಮಳೆಗಾಲದಲ್ಲೇ, ಬೇರು ಕಡಿಯುವುದು ಅಕ್ಟೋಬರ್ ಕೊನೆಗೆ, ಸಿಮೆಂಟ್ ಬಿಡಿಸುವುದು ನವೆಂಬರ್, ಡಿಸೆಂಬರಿನಲ್ಲಿ, ಗಾರೆ ಜನವರಿಯಿಂದ ಮಾರ್ಚ್.

ಇದು ಪುಸ್ತಕ ನೋಡಿ ಹೇಳುವುದಲ್ಲ. ಒಮ್ಮೆ ಹಬ್ಬದ ಗಡಿಬಿಡಿಗೆ ಒಪ್ಪಿಕೊಂಡು ಮೇ ಮೂರನೇ ವಾರ ಪೀಠದ ಸಂದುಗಳಿಗೆ ಗಾರೆ ತುಂಬಿಸಿದೆ. ಎರಡನೇ ರಾತ್ರಿ ಗುಡುಗು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ರಸ್ತೆ ಬದಿಯ ಚರಂಡಿಯಲ್ಲಿ ಹಾಲು ಹರಿದ ಹಾಗೆ ಬಿಳಿ ನೀರು, ಸಂದುಗಳಲ್ಲಿ ಬರೇ ಹೊಯಿಗೆ (ಮರಳು). ಬೆರಳು ಹಾಕಿದರೆ ಉದುರುತ್ತಿತ್ತು. ಪುನಃ ಅಷ್ಟನ್ನೂ ಕೆರೆದು ತೆಗೆಯಬೇಕಾಯಿತು.

## ಬೇಕಾಗುವ ಸಾಮಾನು

ಸಣ್ಣ ಉಳಿಗಳು ಮೂರು ನಾಲ್ಕು, ಅರ್ಧ ಕಿಲೋ ತೂಕದ ಸುತ್ತಿಗೆ, ಸಂದಿಗೆ ಹೋಗುವಷ್ಟು ಕಿರಿದಾದ ಕರಣೆ, ತೂಕದ ಗುಂಡು, ರಸಮಟ್ಟ, ನೈಲಾನ್ ಬ್ರಶ್, ಬಿದಿರಿನ ಸೀಳು, ಸುಣ್ಣ ಸೋಸಲು ಸಣ್ಣ ಕಣ್ಣಿನ ಜರಡಿ, ನೀರು ಚಿಮುಕಿಸುವ ಕೈ ಪಂಪು, ಹಳೆಯ ಗೋಣಿ ಚೀಲಗಳು, ಒಳ್ಳೆಯ ಟಾರ್ಚ್. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಕಡ್ಡಾಯ. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬಾರದು, ಹದಿನೈದು ಇಪ್ಪತ್ತು ನಿಮಿಷ ನೀರು ಸುರಿಯುತ್ತಲೇ ಇದ್ದು ನೇರ ಆಸ್ಪತ್ರೆಗೆ ಹೋಗಬೇಕು.

ಕೆಲಸದ ಜಾಗಕ್ಕೆ ಬರಲೇಬಾರದ ಸಾಮಾನುಗಳೂ ಇವೆ: ಸಿಮೆಂಟ್, ಬ್ರೇಕರ್ ಮೆಷಿನ್, ತಂತಿ ಬ್ರಶ್, ಆ್ಯಸಿಡ್, ಕಾರು ತೊಳೆಯುವ ಪ್ರೆಶರ್ ಪಂಪು, ಬ್ಲೀಚಿಂಗ್ ಪೌಡರ್. ಅಲ್ಲಿದ್ದರೆ ಯಾರಾದರೊಬ್ಬರು ಬಳಸಿಯೇ ಬಳಸುತ್ತಾರೆ.

## ಹಂತ 1: ಜಾಗದ ಕಾಗದ ಕೈಯಲ್ಲಿರಲಿ

ಶಿಲುಬೆ ಚರ್ಚಿನದ್ದು, ವಾಡೆಯದ್ದು ಅಥವಾ ಒಂದು ಮನೆತನದ್ದು ಇರಬಹುದು. ಅದು ನಿಂತ ನೆಲ ಹೆಚ್ಚಾಗಿ ಬೇರೆಯವರದ್ದು. ಪಹಣಿ ತೆಗೆಸಿ ನೋಡಿ. ಖಾಸಗಿಯಾದರೆ ಮಾಲೀಕರ ಒಪ್ಪಿಗೆ, ರಸ್ತೆಯ ಅಂಚಾದರೆ ಪಂಚಾಯತ್, ಪಾಲಿಕೆ, ಲೋಕೋಪಯೋಗಿ ಅಥವಾ ಹೆದ್ದಾರಿಯವರ ಒಪ್ಪಿಗೆ ಬೇಕು, ಬರಹದಲ್ಲಿ. ಚರ್ಚಿನ ಧರ್ಮಗುರುಗಳಿಗೂ ವಾಡೆಯ ಮುಖಂಡರಾದ ಗುರಿಕಾರರಿಗೂ ಮೊದಲೇ ತಿಳಿಸಿ.

ಸಾರ್ವಜನಿಕ ಜಾಗದಲ್ಲಿ ಹೊಸ ಧಾರ್ಮಿಕ ಕಟ್ಟಡ ಕೂಡದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರಿನಲ್ಲೇ ಹೇಳಿದೆ. ಅದಾಗಲೇ ಇರುವ ಕಟ್ಟಡಗಳ ರಕ್ಷಣೆಗೆ ನಮ್ಮ ರಾಜ್ಯ 2021ರಲ್ಲಿ ಕಾಯ್ದೆ ಮಾಡಿತು. ಇದರಿಂದ ನಿಮಗೇನು ಅಂದರೆ, ನೀವು ಮಾಡುತ್ತಿರುವುದು ಹಳೆಯದರ ದುರಸ್ತಿ, ಹೊಸ ಕಟ್ಟೋಣವಲ್ಲ ಅಂತ ತೋರಿಸಲು ಆಧಾರ ಬೇಕು. "ಹೇಗೂ ಕೆಲಸ ಮಾಡುತ್ತೇವಲ್ಲ, ಎರಡು ಅಡಿ ಎತ್ತರಿಸಿ, ಸುತ್ತ ಗ್ರಿಲ್, ಮೇಲೆ ಶೀಟು" ಅಂತ ಹೊರಟರೆ ಆ ಆಧಾರವನ್ನು ನೀವೇ ಕೆಡಿಸಿಕೊಂಡ ಹಾಗೆ. ಇದ್ದ ಅಳತೆ, ಇದ್ದ ಜಾಗ, ಅಷ್ಟೇ.

## ಹಂತ 2: ಮುಟ್ಟುವ ಮೊದಲು ಓದಿ

ಈ ಹಂತವನ್ನು ಹಾರಿಸಿದವರು ಇತಿಹಾಸವನ್ನೇ ಕೆರೆದು ಬಿಸಾಡಿದ್ದಾರೆ. ಶಿಲುಬೆಗಳ ಮೇಲೆ ಇಸವಿ, ಅಕ್ಷರ, ಚಿಹ್ನೆ ಇರುತ್ತವೆ, ಹತ್ತು ಪದರ ಸುಣ್ಣ, ಬಣ್ಣದ ಅಡಿಯಲ್ಲಿ. ಹಗಲಿನ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿಗೆ ಒತ್ತಿ ಹಿಡಿದ ಹಾಗೆ ಪಕ್ಕದಿಂದ ಬೆಳಕು ಹಾಯಿಸಿ. ಉಬ್ಬು ತಗ್ಗುಗಳಿಗೆ ನೆರಳು ಬೀಳುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ನಾಲ್ಕು ಫೋಟೋ ತೆಗೆಯಿರಿ. ಅಕ್ಷರ ಎದ್ದು ಕಾಣಲಿ ಅಂತ ಅದರೊಳಗೆ ಬಣ್ಣ ತುಂಬಿಸಬೇಡಿ. ಉಳಿಯಿಂದ "ಸ್ವಲ್ಪ ಆಳ" ಮಾಡುವುದಂತೂ ಬೇಡವೇ ಬೇಡ.

ಹಳೆಯ ರೋಮನ್ ಕೆತ್ತನೆ ಓದುವಾಗ ಎಡವುವುದು ಎರಡು ಕಡೆ. ಯು ಬರಬೇಕಾದಲ್ಲಿ ವಿ ಇರುತ್ತದೆ, ಜೆ ಬರಬೇಕಾದಲ್ಲಿ ಐ. ಶಿಲುಬೆಯ ತಲೆಯಲ್ಲಿ ಕಾಣುವ ಐ, ಎನ್, ಆರ್, ಐ ಎಂಬ ನಾಲ್ಕು ಅಕ್ಷರ ಯಾರದ್ದೋ ಹೆಸರಲ್ಲ. 'ನಜರೇತಿನ ಯೇಸು, ಯೆಹೂದ್ಯರ ಅರಸ' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು. ಬುಡದಲ್ಲಿ ತಲೆಬುರುಡೆ, ಎರಡು ಎಲುಬು ಕೆತ್ತಿದ್ದರೆ ಹೆದರಬೇಡಿ. ಅದು ಸ್ಮಶಾನದ ಗುರುತಲ್ಲ, ಮಾಟವೂ ಅಲ್ಲ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಅಂದರೆ 'ಬುರುಡೆಯ ಜಾಗ', ಆದಾಮನನ್ನು ಹೂಳಿದ್ದೂ ಅಲ್ಲೇ ಎಂಬ ನಂಬಿಕೆಯಿಂದ ಬಂದ ಕೆತ್ತನೆ. "ಅಪಶಕುನ" ಅಂತ ಅದಕ್ಕೆ ಸಿಮೆಂಟ್ ಮೆತ್ತಿದ್ದನ್ನು ನಾನೇ ಬಿಡಿಸಿದ್ದೇನೆ.

ಕಲ್ಲಿನಲ್ಲಿ ಇಸವಿ ಸಿಗದಿದ್ದರೆ ಚರ್ಚಿನ ಹಳೆಯ ಪುಸ್ತಕ ಕೇಳಿ ನೋಡಿ, ಆದರೆ ಬಹಳ ನಿರೀಕ್ಷೆ ಬೇಡ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಲ್ಲಿನ ಚರ್ಚುಗಳೂ ನೆಲಸಮವಾದವು. ಉಳಿದವರು ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಅದಕ್ಕಿಂತ ಹಿಂದಿನ ಕಾಗದ ಊರಲ್ಲಿ ಉಳಿದಿರುವುದು ಅಪರೂಪ. ಕೆಲವು ಕಡೆ ಆ ಕಾಲಕ್ಕೆ ಇರುವ ಏಕೈಕ ದಾಖಲೆ ಆ ಕಲ್ಲೇ. ಹಾಗಂತ ಇಸವಿ ಇಲ್ಲದ ಶಿಲುಬೆಯನ್ನೆಲ್ಲ "ಪೋರ್ಚುಗೀಸರ ಕಾಲದ್ದು" ಅಂತ ಫಲಕ ಬರೆಸಬೇಡಿ. ಊರ ಹಿರಿಯರ ಮಾತನ್ನು ಅವರ ಮಾತಾಗಿಯೇ ಬರೆದಿಡಿ.

ಹಳೆಯ ಫೋಟೋಗಳನ್ನು ಮನೆಮನೆಯಲ್ಲಿ ಕೇಳಿ. ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ಮದುವೆ, ಮೊಂತಿ ಹಬ್ಬದ ಮೆರವಣಿಗೆ, ಇವುಗಳ ಹಿನ್ನೆಲೆಯಲ್ಲಿ ಶಿಲುಬೆ ಇದ್ದೇ ಇರುತ್ತದೆ. ಮೂಲ ಮೆಟ್ಟಿಲು ಎಷ್ಟಿತ್ತು, ಗೂಡು ಯಾವ ಬದಿಗಿತ್ತು, ರಸ್ತೆ ಎಷ್ಟು ಕೆಳಗಿತ್ತು ಎಂಬುದು ಅಲ್ಲಿ ಸಿಗುತ್ತದೆ.

ಕೊನೆಯಲ್ಲಿ ನಾಲ್ಕೂ ಬದಿಯ ಚಿತ್ರ ಬರೆದು, ಪ್ರತಿ ಕಲ್ಲಿಗೆ ನಂಬ್ರ ಕೊಟ್ಟು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೋ ತೆಗೆಯಿರಿ. ನಂಬ್ರ ಬರೆಯುವುದು ಕಾಗದದಲ್ಲಿ, ಕಲ್ಲಿನ ಮೇಲಲ್ಲ.

## ಹಂತ 3: ಕಲ್ಲು ಯಾವುದು, ಕಾಯಿಲೆ ಯಾವುದು

ಮುರಕಲ್ಲು ಮತ್ತು ಶಿಲೆಕಲ್ಲಿಗೆ ಒಂದೇ ಮದ್ದು ನಡೆಯುವುದಿಲ್ಲ. ಮುರಕಲ್ಲು ಅಂದರೆ ತೂತುತೂತಿನ, ಕಬ್ಬಿಣದ ಅಂಶ ತುಂಬಿದ ಕಲ್ಲು. ಕ್ವಾರಿಯಲ್ಲಿ ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಬಿಟ್ಟಾಗ ಗಟ್ಟಿ. ಅದು ನೀರು ಕುಡಿಯುತ್ತದೆ, ಬಿಡುತ್ತದೆ. ಕುಡಿದದ್ದನ್ನು ಬಿಡಲು ದಾರಿ ಇರುವವರೆಗೆ ಅದಕ್ಕೆ ಏನೂ ಆಗುವುದಿಲ್ಲ. ಶಿಲೆಕಲ್ಲು ನೀರು ಕುಡಿಯುವುದು ಕಡಿಮೆ. ಅದು ಹಾಳಾಗುವುದು ಒಳಗಿಟ್ಟ ಕಬ್ಬಿಣದಿಂದ, ಬಿದ್ದ ಪೆಟ್ಟಿನಿಂದ.

ಬೆರಳ ಗಂಟಿನಿಂದ ಪೀಠದ ಉದ್ದಕ್ಕೂ ತಟ್ಟುತ್ತ ಹೋಗಿ. ಮಾಗಿದ ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಡಬ್ ಅಂದರೆ ಗಾರೆ ಒಳಗೆ ಕಲ್ಲು ಬಿಟ್ಟಿದೆ. ಆ ಜಾಗವನ್ನು ಚಿತ್ರದಲ್ಲಿ ಗುರುತಿಸಿ.

ಬಿರುಕಿನ ರೀತಿ ನೋಡಿ. ಅಡ್ಡಡ್ಡ ಕೂದಲೆಳೆಯ ಬಿರುಕು ಬಿಸಿಲಿಗೆ ಬಂದದ್ದು, ಅವಸರವಿಲ್ಲ. ಬುಡದಿಂದ ಓರೆಯಾಗಿ ಮೇಲೇರಿದ, ಬೆರಳು ಹೋಗುವಷ್ಟು ಅಗಲದ ಬಿರುಕು ಪಂಚಾಂಗ (ಅಡಿಪಾಯ) ಕುಸಿದದ್ದರ ಗುರುತು. ಅದರ ಮೇಲೆ ತೆಳ್ಳಗೆ ಗಾರೆಯ ಪಟ್ಟಿ ಹಾಕಿ, ದಿನಾಂಕ ಬರೆದು, ಎರಡು ತಿಂಗಳು ಕಾಯಿರಿ. ಪಟ್ಟಿ ಒಡೆದರೆ ಬಿರುಕು ಇನ್ನೂ ಜೀವಂತ ಇದೆ, ಇಂಜಿನಿಯರ್ ಬೇಕು. ತುಕ್ಕಿನ ಕಂದು ಕಲೆ ಒಂದೇ ಕಡೆಯಿಂದ ಇಳಿದಿದ್ದರೆ ಒಳಗೆ ಕಬ್ಬಿಣದ ಸರಳಿದೆ. ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಬಿಳಿ ಉಪ್ಪು ಹೂ ಬಿಟ್ಟಿದ್ದರೆ ಬುಡದಿಂದ ನೀರೇರುತ್ತಿದೆ. ಸಮುದ್ರದ ಹತ್ತಿರ ಇದು ಎರಡು ಪಟ್ಟು.

## ಹಂತ 4: ನೀರಿಗೆ ದಾರಿ ಮಾಡಿ

ನೂರು ವರ್ಷ ನಿಂತ ಶಿಲುಬೆ ಕಳೆದ ಹತ್ತು ವರ್ಷಗಳಲ್ಲಿ ಯಾಕೆ ಹಾಳಾಯಿತು? ಹೆಚ್ಚಿನ ಕಡೆ ಉತ್ತರ ರಸ್ತೆಯಲ್ಲಿದೆ. ಡಾಮರಿನ ಮೇಲೆ ಡಾಮರು ಬಿದ್ದು ರಸ್ತೆ ಮೇಲೆ ಬಂತು, ಪೀಠ ಗುಂಡಿಗೆ ಬಿತ್ತು. ಅದರ ಮೇಲೆ ಭಕ್ತರೊಬ್ಬರು ಸುತ್ತಲೂ ಟೈಲ್ಸ್ ಹಾಕಿಸಿಕೊಟ್ಟರು. ನೆಲದ ನೀರಿಗೆ ಆವಿಯಾಗಿ ಹೋಗಲು ಜಾಗ ಇಲ್ಲದೆ ಅದು ಪೀಠದೊಳಗೆ ಏರಿತು.

ಆದ್ದರಿಂದ ಟೈಲ್ಸ್ ತೆಗೆಯಿರಿ. ದಾನಿಗಳ ಮನಸ್ಸು ನೋಯದ ಹಾಗೆ ಹೇಳುವುದು ಗುರಿಕಾರರ ಕೆಲಸ, ಮೇಸ್ತ್ರಿಯದ್ದಲ್ಲ. ಆಮೇಲೆ ಪೀಠದ ಸುತ್ತ ಒಂದೂವರೆ ಅಡಿ ಅಗಲಕ್ಕೆ ಮಣ್ಣು ತೆಗೆದು, ಮೂಲ ಮೆಟ್ಟಿಲು ಕಾಣುವವರೆಗೆ ಇಳಿಸಿ. ಒಂದು ದಿನ ಒಂದೇ ಬದಿ. ನಾಲ್ಕೂ ಬದಿ ಒಟ್ಟಿಗೆ ಅಗೆದರೆ ಪೀಠ ಕುಸಿಯುತ್ತದೆ. ಪಂಚಾಂಗದ ಅಡಿಗಿಂತ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ತೆಗೆದ ಜಾಗಕ್ಕೆ ಜಲ್ಲಿ ತುಂಬಿಸಿ, ಚರಂಡಿಯ ಕಡೆ ಇಳಿಜಾರು ಕೊಡಿ. ಒಂದು ಕೊಡ ನೀರು ಸುರಿದು ನೋಡಿ, ಪೀಠದಿಂದ ಆಚೆ ಹರಿಯಬೇಕು.

ಬುಡದ ಕಲ್ಲುಗಳು ಒಣಗಲು ಒಂದು ತಿಂಗಳಾದರೂ ಬಿಡಿ. ಜನ ತಾಳ್ಮೆ ಕಳೆದುಕೊಳ್ಳುವುದು ಈ ತಿಂಗಳಲ್ಲೇ: "ಅಗೆದು ಹಾಕಿ ಹೋದರು, ಆಮೇಲೆ ಪತ್ತೆ ಇಲ್ಲ." ಮೊದಲೇ ಒಂದು ಬೋರ್ಡ್ ಬರೆದು ನಿಲ್ಲಿಸಿದರೆ ಫೋನ್ ಕಡಿಮೆಯಾಗುತ್ತದೆ.

## ಹಂತ 5: ಬೇರು, ಪಾಚಿ

ಅಶ್ವತ್ಥದ ಗಿಡ ಸಂದಿಯಲ್ಲಿದ್ದರೆ ಎಳೆಯಬೇಡಿ. ಬೇರು ಕಲ್ಲನ್ನು ಒಡೆದಿರುವಂತೆಯೇ ಹಿಡಿದುಕೊಂಡೂ ಇರುತ್ತದೆ. ಎಳೆದರೆ ಎರಡು ಕಲ್ಲು ಜೊತೆಗೇ ಬರುತ್ತವೆ. ಬುಡಕ್ಕೆ ಕಡಿದು, ಕಡಿದ ಹಸಿ ಬಾಯಿಗೆ ಮಾತ್ರ ಕಳೆನಾಶಕವನ್ನು ಬ್ರಶ್‌ನಲ್ಲಿ ಹಚ್ಚಿ. ಬೇರು ಸತ್ತು ಒಣಗಿ ಸುಕ್ಕಾದ ಮೇಲೆ ಕೈಗೆ ಬಂದಷ್ಟು ತೆಗೆಯಿರಿ. ಬಾರದ್ದನ್ನು ಹಾಗೇ ಬಿಟ್ಟು ಗಾರೆ ತುಂಬಿಸಿ.

ಪಾಚಿಗೆ ಬೆಂಜಾಲ್ಕೋನಿಯಂ ಕ್ಲೋರೈಡ್ ದ್ರಾವಣ, ಶೇ. 2ರಷ್ಟು ತೆಳ್ಳಗೆ ಮಾಡಿ ಹಚ್ಚಿ ಒಂದು ವಾರ ಬಿಟ್ಟರೆ ಕಂದಾಗಿ ಸಾಯುತ್ತದೆ. ನೈಲಾನ್ ಬ್ರಶ್‌ಗೆ ಉದುರುತ್ತದೆ. ಬ್ಲೀಚಿಂಗ್ ಪೌಡರ್ ಬೇಗ ಬೆಳ್ಳಗೆ ಮಾಡುವುದು ನಿಜ, ಆದರೆ ಕಲ್ಲಿನೊಳಗೆ ಉಪ್ಪು ಬಿಟ್ಟು ಹೋಗುತ್ತದೆ.

## ಹಂತ 6: ಸಿಮೆಂಟ್ ಬಿಡಿಸುವುದು

ಸಿಮೆಂಟ್ ಮುರಕಲ್ಲಿಗಿಂತ ಗಟ್ಟಿ, ನೀರನ್ನು ಹೊರಗೆ ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಕಲ್ಲಿನ ಮೂಲಕವೇ ಹೊರಡುತ್ತದೆ, ಉಪ್ಪನ್ನು ಕಲ್ಲಿನ ಮುಖದಲ್ಲೇ ಬಿಡುತ್ತದೆ, ಮುಖ ಪುಡಿಯಾಗುತ್ತದೆ. ಅದಕ್ಕೇ ನೋಡಿ, ಹೊರಗಿನ ಸಿಮೆಂಟ್ ಚಿಪ್ಪು ಕಲ್ಲಿನ ಹಾಗೆ ನಿಂತಿರುತ್ತದೆ, ತೆಗೆದರೆ ಹಿಂದೆ ಬರೇ ಕೆಂಪು ಹುಡಿ.

ಉಳಿಯನ್ನು ಸಿಮೆಂಟಿನ ಮಧ್ಯಕ್ಕೆ ಇಡಿ, ಅಂಚಿಗೆ ಅಲ್ಲ. ಉಳಿಯ ಮೊನೆ ಕಲ್ಲಿನ ಕಡೆ ತಿರುಗಬಾರದು. ಟೊಳ್ಳು ಶಬ್ದ ಬಂದ ಕಡೆಯಿಂದ ಶುರುಮಾಡಿ, ಅಲ್ಲಿ ಸುಲಭವಾಗಿ ಬಿಡುತ್ತದೆ. ಎಲ್ಲಿ ಸಿಮೆಂಟ್ ಕಲ್ಲನ್ನು ಕಚ್ಚಿ ಹಿಡಿದಿದೆಯೋ, ತೆಗೆದರೆ ಕೆತ್ತನೆ ಬರುತ್ತದೆ ಅನ್ನಿಸುತ್ತದೆಯೋ, ಅಲ್ಲಿ ಬಿಟ್ಟುಬಿಡಿ. ಅರ್ಧ ಉಳಿದ ಸಿಮೆಂಟ್ ಕುರೂಪ, ಆದರೆ ಕಿತ್ತುಹೋದ ಅಕ್ಷರ ಮತ್ತೆ ಬರುವುದಿಲ್ಲ.

ಕೆಲಸಗಾರರೊಬ್ಬರು ಒಮ್ಮೆ ನಾನು ಚಾ ಕುಡಿಯಲು ಹೋದ ಹೊತ್ತಿಗೆ "ಬೇಗ ಆಗ್ತದೆ" ಅಂತ ಬಾತ್‌ರೂಮ್ ಆ್ಯಸಿಡ್ ಸುರಿದಿದ್ದರು. ಸಿಮೆಂಟ್ ಕರಗಿತು, ಜೊತೆಗೆ ಒಳಗಿದ್ದ ಹಳೆಯ ಸುಣ್ಣದ ಗಾರೆಯೂ ನೊರೆ ಬಂದು ಕರಗಿತು. ಮೆಟ್ಟಿಲಿನ ಅಂಚಿನಲ್ಲಿದ್ದ ಸಣ್ಣ ಬಳ್ಳಿಯ ಅಲಂಕಾರ ಹೋದದ್ದು ಹಾಗೆ.

ಸಿಮೆಂಟ್ ಹೋದ ಮೇಲೆ ಉಪ್ಪು ತೆಗೆಯಬೇಕು. ಮೊದಲು ಒಣ ಬ್ರಶ್‌ನಿಂದ ಗುಡಿಸಿ, ಗುಡಿಸಿದ್ದನ್ನು ಹಾಳೆಯಲ್ಲಿ ಹಿಡಿದು ದೂರ ಒಯ್ಯಿರಿ. ಬುಡಕ್ಕೆ ಬಿದ್ದರೆ ಪುನಃ ಒಳಗೇ ಹೋಗುತ್ತದೆ. ಆಮೇಲೆ ಟಿಶ್ಯೂ ಕಾಗದವನ್ನು ಶುದ್ಧ ನೀರಿನಲ್ಲಿ ಮುದ್ದೆ ಮಾಡಿ, ಒಂದು ಬೆರಳು ದಪ್ಪಕ್ಕೆ ಮೆತ್ತಿ, ಪೂರ್ತಿ ಒಣಗಿದ ಮೇಲೆ ಸುಲಿದು ಬಿಸಾಡಿ. ಒಣಗುವಾಗ ಅದು ಉಪ್ಪನ್ನು ಎಳೆದುಕೊಳ್ಳುತ್ತದೆ. ಎರಡು ಮೂರು ಸಲ ಮಾಡಬೇಕಾಗುತ್ತದೆ. ಕಡಲ ಬದಿಯ ಬಾವಿ ನೀರಿಗೆ ಬೇಸಿಗೆಯಲ್ಲಿ ಉಪ್ಪಿನ ರುಚಿ ಬರುತ್ತದೆ. ಅಂಥ ನೀರಲ್ಲಿ ಮಾಡಿದರೆ ಉಪ್ಪು ತೆಗೆಯುವುದಲ್ಲ, ಬಡಿಸುವುದು.

## ಹಂತ 7: ಸುಣ್ಣ ಮತ್ತು ಗಾರೆ

ಸುಟ್ಟ ಸುಣ್ಣವನ್ನು, ಚಿಪ್ಪಿನದ್ದು ಸಿಕ್ಕಿದರೆ ಅದೇ ಒಳ್ಳೆಯದು, ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಿ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಬಾಗುತ್ತದೆ, ಮಕ್ಕಳನ್ನು ದೂರ ಇಡಿ. ತಣಿದ ಮೇಲೆ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಮೂರು ತಿಂಗಳು ಆದರೆ ಉತ್ತಮ. ಸರಿಯಾಗಿ ಮಾಗಿದ ಸುಣ್ಣಕ್ಕೆ ಬೀಡದಂಗಡಿಯ ಡಬ್ಬಿಯ ಸುಣ್ಣದ ಹದ ಇರುತ್ತದೆ: ಬೆರಳಲ್ಲಿ ತೆಗೆದರೆ ಬೆಣ್ಣೆಯ ಹಾಗೆ ನಿಲ್ಲಬೇಕು, ಉಜ್ಜಿದರೆ ಮರಳು ಸಿಗಬಾರದು. ಅರಳದ ಹರಳು ಉಳಿದರೆ ಅದು ಗೋಡೆಗೆ ಹೋದ ಮೇಲೆ ಅರಳುತ್ತದೆ, ಗಾರೆ ಮೊಡವೆಯ ಹಾಗೆ ಎದ್ದು ಸಿಡಿಯುತ್ತದೆ.

ಹೊಯಿಗೆ ನದಿಯದ್ದಾಗಬೇಕು, ಆದರೆ ಎಲ್ಲಿಯದ್ದು ಅಂತ ಕೇಳಿ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಹತ್ತಿರದ ಹೊಯಿಗೆಯಲ್ಲಿ ಉಪ್ಪಿರುತ್ತದೆ. ಸಿಹಿನೀರಿನಲ್ಲಿ ಮೂರು ಸಲ ತೊಳೆಯಬೇಕು. ಮಣ್ಣಿನ ಅಂಶ ನೋಡಲು ಗಾಜಿನ ಬಾಟಲಿಯಲ್ಲಿ ಅರ್ಧ ಹೊಯಿಗೆ, ಅರ್ಧ ನೀರು ಹಾಕಿ ಕುಲುಕಿ ಇಡಿ. ಮಾರನೇ ದಿನ ಹೊಯಿಗೆಯ ಮೇಲೆ ಕೂತ ಕೆಸರಿನ ಪದರ ದಪ್ಪಗಿದ್ದರೆ ಆ ಲೋಡು ಬೇಡ.

ಮೂರನೆಯದು ಸುರ್ಕಿ, ಅಂದರೆ ಇಟ್ಟಿಗೆ ಅಥವಾ ಹೆಂಚಿನ ಪುಡಿ. ಅದಿಲ್ಲದ ಸುಣ್ಣದ ಗಾರೆ ನಮ್ಮ ಹವೆಯಲ್ಲಿ ಬುಡಕ್ಕೆ ನಿಲ್ಲುವುದಿಲ್ಲ. ಸುರ್ಕಿ ಸುಣ್ಣದೊಂದಿಗೆ ಕೂಡಿ ನೀರಿನಲ್ಲೂ ಗಟ್ಟಿಯಾಗುವ ಗುಣ ಕೊಡುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಕಾರ್ಖಾನೆ ತೆರೆದಂದಿನಿಂದ ಹೆಂಚಿನ ಊರಾದ ಮಂಗಳೂರಿನಲ್ಲಿ ಒಡೆದ ಹೆಂಚಿಗೆ ಬರವಿಲ್ಲ. ಆದರೆ ಎಲ್ಲ ಹೆಂಚೂ ಆಗುವುದಿಲ್ಲ. ಹೆಚ್ಚು ಸುಟ್ಟು ಟಣ್ ಎನ್ನುವ, ಕಪ್ಪಾದ ಹೆಂಚಿನ ಪುಡಿ ಬರೇ ಹೊಯಿಗೆಗೆ ಸಮ. ನೀರು ಹಾಕಿದರೆ ಹೀರುವ, ಕಡಿಮೆ ಸುಟ್ಟ ಹಳೆಯ ಹೆಂಚು ಅಥವಾ ಇಟ್ಟಿಗೆ ಆರಿಸಿ, ಹಿಟ್ಟಿನ ಹಾಗೆ ನುಣ್ಣಗೆ ಕುಟ್ಟಿ.

ಅಳತೆ ಇಷ್ಟು: ಸುಣ್ಣ 1, ಸುರ್ಕಿ 1, ಹೊಯಿಗೆ 2. ಒಂದೇ ಗೆರಟೆಯಲ್ಲೋ ಡಬ್ಬಿಯಲ್ಲೋ ಅಳೆಯಿರಿ, ಸಲಿಕೆಯ ಲೆಕ್ಕ ಬೇಡ. ನೀರನ್ನು ಆದಷ್ಟು ಕಡಿಮೆ ಹಾಕಿ, ಕುಟ್ಟಿ ಕುಟ್ಟಿಯೇ ಹದ ತರಬೇಕು. ಮಗುಚಿದ ಕರಣೆಗೆ ಅಂಟಿಕೊಂಡು ನಿಂತರೆ ಗಾರೆ ಆಯಿತು.

ಬೆಲ್ಲ, ಅಳಲೆಕಾಯಿ, ಮೊಟ್ಟೆ ಹಾಕಬೇಕೇ ಅಂತ ಎಲ್ಲರೂ ಕೇಳುತ್ತಾರೆ, ಯೂಟ್ಯೂಬ್ ನೋಡಿ. ಬೆಲ್ಲ, ಅಳಲೆಕಾಯಿ ಹಾಕುವ ಪದ್ಧತಿ ದಕ್ಷಿಣದಲ್ಲಿ ಇದೆ, ಅಳತೆ ಬಲ್ಲ ಮೇಸ್ತ್ರಿ ಇದ್ದರೆ ಹಾಕಲಿ. ಅಂದಾಜಿನಲ್ಲಿ ಸುರಿದ ಬೆಲ್ಲದಿಂದ ಗಾರೆ ಗಟ್ಟಿಯಾಗುವುದು ತಡವಾಗುತ್ತದೆ, ಇರುವೆ ಸಾಲಾಗಿ ಬರುತ್ತದೆ. ನಾನು ಹಾಕುವುದಿಲ್ಲ.

ಶಿಲುಬೆಗೆ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ನಿಪ್ಪಟ್ಟಿನ ಗಾತ್ರದ ನಾಲ್ಕು ಬಿಲ್ಲೆ ತಟ್ಟಿ, ನೆರಳಿನಲ್ಲಿ ತೇವ ಕೊಟ್ಟು ನಾಲ್ಕು ವಾರ ಇಡಿ. ಆಮೇಲೆ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ ಮೊಳೆಯಿಂದ ಗೀರಿ ನೋಡಿ. ಗೆರೆ ಮಾತ್ರ ಬಿದ್ದರೆ ಸರಿ. ಕೆಸರಾದರೆ ಸುಣ್ಣವೋ ಸುರ್ಕಿಯೋ ಕೆಟ್ಟದ್ದು.

## ಹಂತ 8: ಪೀಠ ಕೂರಿಸುವುದು

ಪುಡಿಯಾದ ಕಲ್ಲನ್ನು ಮಾತ್ರ ಬದಲಿಸಿ. ಮುಖ ಸ್ವಲ್ಪ ಸವೆದದ್ದು ಕಾಯಿಲೆಯಲ್ಲ, ವಯಸ್ಸು. ಹೊಸ ಮುರಕಲ್ಲು ಆರಿಸುವಾಗ ಬಿಳಿ, ಹಳದಿ ಜೇಡಿಯ ಗೆರೆ ಇದ್ದದ್ದನ್ನು ಬಿಡಿ. ಒಂದು ರಾತ್ರಿ ಬಕೆಟಿನಲ್ಲಿ ಮುಳುಗಿಸಿ, ಬೆಳಿಗ್ಗೆ ಉಗುರಿನಿಂದ ಕೆರೆದರೆ ಬರುವ ಕಲ್ಲೂ ಬೇಡ. ಮೆಷಿನ್ ಕಟ್ಟಿಂಗ್ ಕಲ್ಲಾದರೆ ಮುಖವನ್ನು ಕೈಯಿಂದ ಸ್ವಲ್ಪ ಕೆತ್ತಿಸಿ, ಇಲ್ಲವಾದರೆ ಹಳೆಯ ಕಲ್ಲುಗಳ ನಡುವೆ ಬಿಸ್ಕತ್ತಿನ ಹಾಗೆ ಕಾಣುತ್ತದೆ.

ಒಂದು ಸಲಕ್ಕೆ ಒಂದು ಕಲ್ಲು. ಸುತ್ತಲಿನ ಕಲ್ಲಿಗೆ ಮರದ ಬೆಣೆ ಕೊಟ್ಟು, ಪುಡಿ ತೆಗೆದು, ಗುಳಿಯನ್ನು ನೀರಿನಿಂದ ನೆನೆಸಿ, ಗಾರೆ ಹಾಸಿ ಕೂರಿಸಿ. ಒಣ ಕಲ್ಲಿಗೆ ಗಾರೆ ಹಾಕಿದರೆ ಕಲ್ಲು ಗಾರೆಯ ನೀರನ್ನೆಲ್ಲ ಹೀರಿ, ಗಾರೆ ಸುಟ್ಟುಹೋಗುತ್ತದೆ. ಸಂದು ತುಂಬಿಸುವಾಗಲೂ ಇದೇ ನಿಯಮ. ಮೇಲಿನ ಗಾರೆ ಒಂದು ಪದರಕ್ಕೆ 10 ಮಿಲಿಮೀಟರಿಗಿಂತ ದಪ್ಪ ಬೇಡ. ಇನ್ನೂ ಬೇಕಾದರೆ ವಾರ ಬಿಟ್ಟು ಎರಡನೇ ಪದರ ಹಾಕಿ.

ಹಾಕಿದ ದಿನದಿಂದ ಕನಿಷ್ಠ ಹತ್ತು ದಿನ ಒದ್ದೆ ಗೋಣಿ ಮುಚ್ಚಿ. ಗೋಣಿ ಗಾರೆಗೆ ತಾಗದ ಹಾಗೆ ಬಿದಿರಿನ ಚೌಕಟ್ಟಿಗೆ ಕಟ್ಟಬೇಕು, ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕು. ಪೈಪು ಹಿಡಿಯುವುದಲ್ಲ. ಈ ಕೆಲಸಕ್ಕೆ ಎದುರು ಮನೆಯವರೊಬ್ಬರು ಒಪ್ಪಿಕೊಂಡರೆ ಅರ್ಧ ಗೆದ್ದ ಹಾಗೆ. ನಮ್ಮಲ್ಲಿ ಒಂದು ಕಡೆ ಎಂಬತ್ತರ ಬಾಯಮ್ಮ ಒಬ್ಬರು ತೇರ್ಸಿಗೆ (ಜಪಸರದ ಪ್ರಾರ್ಥನೆಗೆ) ಮುಂಚೆ, ಬೆಳಿಗ್ಗೆ ಹಾಲು ತರಲು ಹೊರಟಾಗ, ಹೀಗೆ ಹೊತ್ತು ಗೊತ್ತುಮಾಡಿಕೊಂಡು ಲೆಕ್ಕ ತಪ್ಪದೆ ನೀರು ಹಾಕಿದರು. ಆ ಪೀಠದಲ್ಲಿ ಇಂದಿಗೂ ಒಂದು ಕೂದಲೆಳೆಯ ಬಿರುಕಿಲ್ಲ.

## ಹಂತ 9: ಮುರಿದ ಶಿಲುಬೆಯನ್ನು ಕೂಡಿಸುವುದು

ಮೊದಲು ಭಾರ ಲೆಕ್ಕ ಹಾಕಿ. 20 ಸೆಂಟಿಮೀಟರ್ ಚೌಕದ, ಒಂದೂವರೆ ಮೀಟರ್ ಎತ್ತರದ ಶಿಲೆಕಲ್ಲಿನ ಶಿಲುಬೆ, ಎರಡು ತೋಳೂ ಸೇರಿ, ಇನ್ನೂರು ಕಿಲೋ ದಾಟುತ್ತದೆ. "ನಾಲ್ಕು ಜನ ಹುಡುಗರು ಎತ್ತುತ್ತಾರೆ" ಅನ್ನುವ ಮಾತಿಗೆ ಒಪ್ಪಬೇಡಿ. ಮುಕ್ಕಾಲಿ, ಚೈನ್ ಪುಲ್ಲಿ, ಅಗಲ ನೈಲಾನ್ ಪಟ್ಟಿ ಬೇಕು. ಕಬ್ಬಿಣದ ಸರಪಳಿಯನ್ನು ನೇರ ಕಲ್ಲಿಗೆ ಸುತ್ತಬೇಡಿ. ಮೇಲೆ ವಿದ್ಯುತ್ ತಂತಿ ಇದ್ದರೆ ಮೆಸ್ಕಾಂಗೆ ಹೇಳಿ ಲೈನ್ ಬಂದ್ ಮಾಡಿಸಿಯೇ ಮುಕ್ಕಾಲಿ ಎಬ್ಬಿಸಿ.

ತುಂಡುಗಳನ್ನು ಹೊಯಿಗೆಯ ಹಾಸಿನ ಮೇಲೆ ಮಲಗಿಸಿ, ಏನೂ ಹಚ್ಚದೆ ಜೋಡಿಸಿ ನೋಡಿ. ಒಳಗೆ ಹಳೆಯ ಕಬ್ಬಿಣದ ಸರಳು ಇದ್ದರೆ ತೆಗೆಯಲೇಬೇಕು. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತದೆ, ಶಿಲುಬೆ ಮೊದಲು ಒಡೆದದ್ದೇ ಬಹುಶಃ ಅದರಿಂದ.

ಹೊಸ ಸರಳು 12 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್, 316 ಗ್ರೇಡ್. ಉಪ್ಪು ಗಾಳಿಗೆ 304 ಕಲೆಯಾಗುತ್ತದೆ, ಅಂಗಡಿಯವರು "ಎರಡೂ ಒಂದೇ" ಅಂದರೆ ಬಿಲ್ಲಿನಲ್ಲಿ 316 ಅಂತ ಬರೆಸಿಕೊಳ್ಳಿ. ರಂಧ್ರ ಎರಡೂ ಬದಿಗೆ 10ರಿಂದ 12 ಸೆಂಟಿಮೀಟರ್ ಆಳ, ಡ್ರಿಲ್ಲಿನ ಹ್ಯಾಮರ್ ಬಂದ್ ಇರಬೇಕು. ಎದುರುಬದುರಿನ ರಂಧ್ರ ಸರಿಯಾಗಿ ಕೂಡಲು ಹೀಗೆ ಮಾಡಿ: ಒಂದು ಬದಿ ಕೊರೆದು, ಅದರೊಳಗೆ ಮೊನೆಯಿರುವ ಮರದ ಗೂಟ ಸ್ವಲ್ಪ ಹೊರಬರುವಂತೆ ಇಟ್ಟು, ಮೊನೆಗೆ ಇದ್ದಿಲ ಪುಡಿ ಹಚ್ಚಿ, ಇನ್ನೊಂದು ತುಂಡನ್ನು ತಂದು ತಾಗಿಸಿ. ಕಪ್ಪು ಚುಕ್ಕೆ ಬಿದ್ದಲ್ಲಿ ಕೊರೆಯಿರಿ.

ಅರಾಲ್ಡೈಟ್‌ನಂಥ ಎಪಾಕ್ಸಿ ರಂಧ್ರದೊಳಗೆ ಮಾತ್ರ. ಒಡೆದ ಮುಖಕ್ಕೆಲ್ಲ ಬಳಿದರೆ ನೀರಿನ ದಾರಿ ಮುಚ್ಚುತ್ತದೆ, ಮುಂದೆ ಬಿಡಿಸಬೇಕಾದರೆ ಕಲ್ಲನ್ನೇ ಒಡೆಯಬೇಕು. ಅಂಚಿನ ಗೆರೆಗೆ ಸುಣ್ಣ ಮತ್ತು ಅದೇ ಕಲ್ಲಿನ ಪುಡಿ ಕಲಸಿ ತುಂಬಿಸಿ. ಆಧಾರದ ಮರ ಎರಡು ದಿನ ತೆಗೆಯಬೇಡಿ. ಮುರಕಲ್ಲಿನ ಶಿಲುಬೆಗೆ ಈ ಸರಳಿನ ಉಪಾಯ ನಂಬಬೇಡಿ, ಕೊರೆಯುವಾಗಲೇ ಸೀಳಬಹುದು. ಅದರ ತುಂಡುಗಳು ದೊಡ್ಡದಾಗಿದ್ದರೆ ಗಾರೆಯಲ್ಲೇ ಕೂರಿಸಿ, ಅಗತ್ಯವಿದ್ದರೆ ಹಿಂದೆ ತೆಳ್ಳಗಿನ ಆಧಾರ ಕಲ್ಲು ನಿಲ್ಲಿಸಿ.

ಶಿಲುಬೆಯ ಕಾಲು ಪೀಠದ ಗುಳಿಯಲ್ಲಿ ಕೂರುತ್ತದೆ. ಗುಳಿಯಲ್ಲಿ ನೀರು ನಿಲ್ಲದ ಹಾಗೆ, ಸುತ್ತಲಿನ ಗಾರೆಯನ್ನು ಹೊರಕ್ಕೆ ಇಳಿಜಾರು ಮಾಡಿ ಮುಗಿಸಿ. ನೇರವಾಗಿದೆಯೇ ಅಂತ ತೂಕದ ಗುಂಡಿನಿಂದ ಎದುರಿನಿಂದಲೂ ಪಕ್ಕದಿಂದಲೂ ನೋಡಿ. ಎದುರಿನಿಂದ ಮಾತ್ರ ನೋಡಿ ಹೋದ ಒಂದು ಶಿಲುಬೆ ವರ್ಷವಿಡೀ ಬಸ್ಸಿಗೆ ಕೈ ತೋರಿಸಿದ ಹಾಗೆ ಮುಂದಕ್ಕೆ ಬಾಗಿ ನಿಂತಿತ್ತು.

## ಹಂತ 10: ಮೇಣ, ಬಣ್ಣ, ಕೊನೆಗೆ ಸುಣ್ಣ

ಮೇಣವನ್ನು ಬಿಸಿ ಮಾಡಿ ತೆಗೆಯಬೇಡಿ, ಕರಗಿ ಕಲ್ಲಿನೊಳಗೆ ಇಳಿಯುತ್ತದೆ. ಐಸ್ ತುಂಡು ಒತ್ತಿ ಹಿಡಿದು, ಬಿದಿರಿನ ಸೀಳಿನಿಂದ ಎಬ್ಬಿಸಿದರೆ ಬಿಲ್ಲೆ ಬಿಲ್ಲೆಯಾಗಿ ಏಳುತ್ತದೆ. ಇನ್ನು ಮುಂದೆ ಬತ್ತಿ ಹಚ್ಚಲು ಪೀಠದಿಂದ ಮೂರು ಅಡಿ ದೂರ ಹೊಯಿಗೆ ತುಂಬಿದ ಕಬ್ಬಿಣದ ತಟ್ಟೆ ಇಡಿ. ಹಳೆಯ ಗೂಡಿನಲ್ಲಿ ಹಬ್ಬದ ದಿನ ಒಂದೇ ಬತ್ತಿ ಸಾಕು.

ಎಣ್ಣೆ ಬಣ್ಣ ಹೋಗಲು ಪೇಂಟ್ ರಿಮೂವರ್ ಜೆಲ್ ಬೇಕಾಗಬಹುದು. ಮೊದಲು ಹಿಂಬದಿಯಲ್ಲಿ ಅಂಗೈಯಷ್ಟು ಜಾಗದಲ್ಲಿ ಹಚ್ಚಿ, ಮಾರನೇ ದಿನ ಕಲ್ಲು ಹೇಗಿದೆ ನೋಡಿ. ಎಲ್ಲ ಬಣ್ಣ ಹೋಗಲೇಬೇಕೆಂಬ ಹಟ ಬೇಡ.

ಮೊದಲಿನಿಂದಲೂ ಸುಣ್ಣ ಬಳಿಯುತ್ತಿದ್ದ ಶಿಲುಬೆಗೆ ಸುಣ್ಣವೇ ಬಳಿಯಿರಿ. ಶಿಲೆಕಲ್ಲು ಬರಿಯಾಗಿ ಇದ್ದಿದ್ದರೆ ಹಾಗೇ ಬಿಡಿ. ಸುಣ್ಣ ಹಾಲಿನಷ್ಟು ತೆಳ್ಳಗಿರಬೇಕು. ನಾಲ್ಕೈದು ಕೈ, ಪ್ರತಿ ಕೈಗೂ ಒಂದು ದಿನ ಬಿಡುವು, ಹಚ್ಚುವ ಮೊದಲು ಕಲ್ಲು ಒದ್ದೆ ಇರಬೇಕು. ಹಚ್ಚುವಾಗ ನೀರಿನ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. "ಬೆಳ್ಳಗೆ ಕಾಣುವುದಿಲ್ಲ" ಅಂತ ದಪ್ಪ ಮಾಡಿದರೆ ಮೊದಲ ಮಳೆಗೇ ಹಪ್ಪಳದ ಹಾಗೆ ಏಳುತ್ತದೆ. ಪ್ಲಾಸ್ಟಿಕ್ ಎಮಲ್ಶನ್, ವಾಟರ್‌ಪ್ರೂಫ್ ಕೋಟಿಂಗ್, ವೆದರ್ ಪೇಂಟ್ ಎಲ್ಲವೂ ಸಿಮೆಂಟಿನ ತಮ್ಮಂದಿರು.

## ಹಂತ 11: ಮೊದಲ ಮಳೆಗಾಲ

ಮೊದಲ ವರ್ಷ ಮುಂಗಾರಿನ ಗಾಳಿ ಬೀಸುವ ಪಡುವಣ ಬದಿಗೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟಿ, ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಕಟ್ಟುತ್ತಿದ್ದ ಹಾಗೆ. ಟರ್ಪಾಲು ಸುತ್ತಬೇಡಿ, ಒಳಗೆ ಬೆವರುತ್ತದೆ.

ಜೂನಿನಲ್ಲಿ ಜೋರು ಮಳೆ ಬರುವಾಗ ಕೊಡೆ ಹಿಡಿದು ಹೋಗಿ ಹತ್ತು ನಿಮಿಷ ನಿಂತು ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಬಸ್ಸು ಹೋದಾಗ ಎಲ್ಲಿಗೆ ಚಿಮ್ಮುತ್ತದೆ ಎಂಬುದು ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಪಾಚಿ ಒಂದೇ ಜಾಗದಲ್ಲಿ ಹಸಿರಾಗಿ ಬಂದರೆ ಅಲ್ಲಿ ನೀರು ನಿಲ್ಲುತ್ತಿದೆ, ಇಳಿಜಾರು ತಿದ್ದಿ. ಸಂದಿಯ ಗಾರೆ ಹುಡಿಯಾದರೆ ಆ ಸಂದಿಯನ್ನಷ್ಟೇ ಅಕ್ಟೋಬರ್ ನಂತರ ಪುನಃ ತುಂಬಿಸಿ. ಗಾರೆ ಗಟ್ಟಿಯಿದ್ದು ಪಕ್ಕದ ಕಲ್ಲು ಹುಡಿಯಾದರೆ ಮಾತ್ರ ಗಾಬರಿಯಾಗಬೇಕು. ನಿಮ್ಮ ಗಾರೆ ಕಲ್ಲಿಗಿಂತ ಗಟ್ಟಿಯಾಗಿದೆ, ಯಾರೋ ಕದ್ದು ಒಂದು ಮುಷ್ಟಿ ಸಿಮೆಂಟ್ ಸೇರಿಸಿದ್ದಾರೆ. ಮೇಸ್ತ್ರಿಯನ್ನು ಕರೆದು ಬೈಯದೆ ಕೇಳಿ, ಹೇಳುತ್ತಾರೆ. ಯಾವ ಬದಿಯಲ್ಲಿ ಹಾಕಿದ್ದು ಅಂತ ಗೊತ್ತಾದರೆ ಅಷ್ಟನ್ನೇ ತೆಗೆದರಾಯಿತು.